ಇಲ್ಲ ಅಂದರೆ ಇಲ್ಲ

ಟೈಲರಮ್ಮ 'ದುಡ್ಡಿಲ್ಲ' ಅಂದರೆ ಆ ಮನೆಯಲ್ಲಿ ಯಾರಿಗೂ ಗಾಬರಿಯಾಗುತ್ತಿರಲಿಲ್ಲ. ಯಾಕಾಗಬೇಕು? ಮದುವೆಯಾಗಿ ಬಂದಾಗಿನಿಂದ ಅವಳು ಹಾಗೇ ಹೇಳುತ್ತಾ ಬಂದಿದ್ದಳು. ಹೇಳಿದ ಮೇಲೆ ಒಳಗೆ ಹೋಗಿ ಎಲ್ಲಿಂದಲೋ ಒಂದು ಗಂಟು ತಂದು ಮುಂದಿಡುತ್ತಲೂ ಬಂದಿದ್ದಳು. ಅತ್ತೆಯ ಕಣ್ಣಿನ ಆಪರೇಷನ್‌ಗೆ ದುಡ್ಡಿಲ್ಲ ಅಂದಳು, ಹಳೇ ಮಿಷಿನ್ನಿನ ಮುಸುಕಿನೊಳಗಿಂದ ದುಡ್ಡು ಬಂತು. ನೀರಿನ ಪಂಪು ಸುಟ್ಟುಹೋದಾಗ ಇಲ್ಲವೇ ಇಲ್ಲ ಅಂದಳು, ಲೈನಿಂಗ್ ಬಟ್ಟೆ ಸುತ್ತಿದ ರಟ್ಟಿನ ಕೊಳವೆಯಿಂದ ಬಂತು. ಮಗಳು ಚಿಕ್ಕವಳಿದ್ದಾಗಲೇ ಕಲಿತುಬಿಟ್ಟಿದ್ದಳು: ಅಮ್ಮ ಇಲ್ಲ ಅಂದರೆ ಅಳಬಾರದು, ಸುಮ್ಮನೆ ಕಾಯಬೇಕು.

ಇನ್ನು ಗಂಡನ ವಿಷಯ. ಅವನು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತ. ಡ್ರೈವರು ಬಂದು 'ಇಷ್ಟೇ ಸಾರ್ ಲೋಡು' ಅಂತ ತಾಯಾಣೆ ಮಾಡಿ ಹೇಳಿದರೂ ನಂಬದೆ ಲಾರಿಯನ್ನು ಕಟ್ಟೆ ಮೇಲೆ ಹತ್ತಿಸಿ ನೋಡುವುದಕ್ಕೇ ಅವನಿಗೆ ಸಂಬಳ. ಬೆಳಗಿಂದ ಸಂಜೆವರೆಗೆ ಅದೇ ಕೆಲಸ ಮಾಡಿದವನು ಮನೆಗೆ ಬಂದು ಬೇರೆ ಮನುಷ್ಯನಾಗುತ್ತಾನೆಯೇ? ಒಳ್ಳೆಯವನು, ಬಾಯಿ ಮೆತ್ತಗೆ, ಆದರೆ ಯಾರ ಮಾತಿಗೂ ಸ್ವಲ್ಪ ಕೂಡಿಸಿ ಇಲ್ಲವೇ ಸ್ವಲ್ಪ ಕಳೆದು ಕೇಳಿಸಿಕೊಳ್ಳುವ ಆಸಾಮಿ.

ಈ ಗಂಟಿನ ವ್ಯವಹಾರ ಒಂದೇ ಒಂದು ಸಲ ಕೆಟ್ಟಿತ್ತು. ಮಗಳ ಕಾಲೇಜಿನ ಫೀಸಿಗೆ ದುಡ್ಡಿಲ್ಲ ಅಂದವಳು ಗಂಟು ತರಲೇ ಇಲ್ಲ, ಗಂಡ ಸ್ನೇಹಿತನೊಬ್ಬನ ಮನೆಗೆ ಸಾಲ ಕೇಳಲು ಹೋದ. ಆ ಸ್ನೇಹಿತ ಒಳಗೂ ಕರೆಯದೆ ಗೇಟಿನ ಹತ್ತಿರವೇ ನಿಲ್ಲಿಸಿ, ತನ್ನ ಹೆಂಡತಿ ಮಕ್ಕಳ ಮುಂದೆ ನಾಲ್ಕು ಬುದ್ಧಿಮಾತು ಹೇಳಿ ದುಡ್ಡು ಕೊಟ್ಟ. ಕೆಲವು ದಿನಕ್ಕೆ ಬೀರುವಿನ ಹಿಂದೆ ಬಿದ್ದ ಬಟನ್ನು ಹುಡುಕಲು ಹೋದ ಗಂಡನ ಕೈಗೆ ಟೈಲರಮ್ಮನ ಗಂಟು ಸಿಕ್ಕಿತು. ಫೀಸು ಕಟ್ಟಿ ಮಿಗುವಷ್ಟಿತ್ತು. ಅವನು ಕೂಗಾಡಲಿಲ್ಲ. "ನಾನು ಕಂಡವರ ಗೇಟಲ್ಲಿ ನಿಂತಿದ್ದಾಗ ಇದು ಇಲ್ಲೇ ಇತ್ತಾ?" ಅಂತ ಕೇಳಿದ, ಅಷ್ಟೇ. ಇನ್ನೂ ದೊಡ್ಡ ಕಷ್ಟ ಬಂದರೆ ಬೇಕಲ್ಲ ಅಂತ ಇಟ್ಟಿದ್ದಳು ಅವಳು. ಅವತ್ತೇ ಮಾತು ಕೊಟ್ಟಳು: "ಇನ್ನು ಮೇಲೆ ನಿಮಗೆ ಗೊತ್ತಿಲ್ಲದೆ ಒಂದು ಕಾಸೂ ಇಡಲ್ಲ ಕಣ್ರೀ."

ಕೊಟ್ಟ ಮಾತಿನಂತೆ ನಡೆದಳು ಕೂಡ. ಅಭ್ಯಾಸಬಲ, ಮೊದಮೊದಲು ಕೈ ತುರಿಸುತ್ತಿತ್ತು. ಆದರೂ ಬಂದದ್ದೆಲ್ಲವನ್ನೂ ಇಬ್ಬರ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿದಳು. ಅವಳು ಹೀಗೆ ಬದಲಾದದ್ದು ಅವಳೊಬ್ಬಳಿಗೇ ಗೊತ್ತು ಅನ್ನುವುದೇ ಈ ಕಥೆಯ ತೊಂದರೆ.

ಮನೆ ಒಡೆದು ಕಟ್ಟುವ ಕೆಲಸ ಶೋಕಿಗೆ ಹಿಡಿದದ್ದಲ್ಲ. ಅವಳ ಅಂಗಡಿಯ ಕಟ್ಟಡವನ್ನು ಮಾಲೀಕ ಮಾರಿಬಿಟ್ಟಿದ್ದ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಬೇಕಿತ್ತು. ಅದೇ ಹೊತ್ತಿಗೆ ಶಾಲೆಯೊಂದರ ಯೂನಿಫಾರ್ಮಿನ ಆರ್ಡರ್ ಬಂದಿತ್ತು. ವರ್ಷಕ್ಕೊಮ್ಮೆ ಬರುವ ಆರ್ಡರ್, ಒಮ್ಮೆ ಕೈತಪ್ಪಿದರೆ ಮತ್ತೆ ಇತ್ತ ತಿರುಗಿಯೂ ನೋಡುವುದಿಲ್ಲ. ಮಿಷಿನ್ನುಗಳನ್ನೆಲ್ಲ ಮನೆಗೇ ತರುವುದೊಂದೇ ದಾರಿ. ಮುಂದಿನ ಕೋಣೆ ಚಿಕ್ಕದು, ಪಕ್ಕದ ಉಗ್ರಾಣ ಇನ್ನೂ ಚಿಕ್ಕದು, ನಡುವಿನ ಗೋಡೆ ತೆಗೆದರೆ ಎರಡೂ ಸೇರಿ ಒಂದು ಹೊಲಿಗೆ ಕೋಣೆಯಾಗುತ್ತದೆ. ತಿಂಗಳ ಕೊನೆಯೊಳಗೆ ಆ ಕೋಣೆ ಆಗಲೇಬೇಕು. ಆಗದಿದ್ದರೆ ಮಿಷಿನ್ನು ಬೀದಿಯಲ್ಲಿ, ಆರ್ಡರ್ ಪರರ ಪಾಲು, ಜೊತೆಗೆ ಹದಿನೈದು ವರ್ಷದಿಂದ ಅವಳ ಬಳಿ ಗುಂಡಿಯ ತೂತು ಹೊಲಿಯುತ್ತಿದ್ದ ಕಾಜಾ ಅಕ್ಕನ ಗತಿಯೂ ಅಷ್ಟೇ.

ಕೆಲಸ ಶುರುವಾಗುವ ಮೊದಲು ಟೈಲರಮ್ಮ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿದಳು. ಗೋಡೆಗೆ ಇಷ್ಟು, ನೆಲಕ್ಕೆ ಇಷ್ಟು, ಕರೆಂಟಿಗೆ ಇಷ್ಟು, ಕೂಲಿಗೆ ಇಷ್ಟು. ಕೊನೆಗೆ ಹತ್ತರಲ್ಲಿ ಒಂದು ಪಾಲನ್ನು ಬೇರೆ ಇಟ್ಟಳು. "ಹಳೇ ಮನೆ. ಗೋಡೆ ಒಳಗೆ ಏನಿದೆಯೋ ಯಾರಿಗೆ ಗೊತ್ತು? ಇದನ್ನ ಯಾರೂ ಮುಟ್ಟಬಾರದು. ಇದು ಬಿಟ್ಟು ನನ್ನ ಹತ್ತಿರ ಬೇರೇನೂ ಇಲ್ಲ."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಅತ್ತೆ ಸೊಸೆಯನ್ನು ನೋಡಿ ಹುಬ್ಬು ಹಾರಿಸಿದಳು. ಮಗಳು ಅಪ್ಪನ ಕಾಲನ್ನು ಮೇಜಿನ ಕೆಳಗೆ ಮೆಲ್ಲಗೆ ತುಳಿದಳು. ಟೈಲರಮ್ಮ ಕೂಡಿಸಿ ಕಳೆಯುವುದರಲ್ಲಿ ಮುಳುಗಿದ್ದಳು, ಇದೊಂದನ್ನೂ ಕಾಣಲಿಲ್ಲ.

ಗೋಡೆ ಒಡೆದ ದಿನ ಮಧ್ಯಾಹ್ನ ಮೇಸ್ತ್ರಿಯ ಫೋನು ಬಂತು. "ಅಮ್ಮ, ಒಂದು ಸಲ ಬಂದು ಹೋಗ್ತೀರಾ?" ಅಂದ. ಅವನ ದನಿಯಲ್ಲಿ ಯಾವತ್ತಿನ ಗತ್ತಿರಲಿಲ್ಲ. ಟೈಲರಮ್ಮ ಕತ್ತರಿಯನ್ನು ಅಲ್ಲೇ ಬಿಟ್ಟು ಓಡಿದಳು.

ಮುಂದಿನ ಕೋಣೆಯಲ್ಲಿ ಧೂಳು ಇನ್ನೂ ಕೂತಿರಲಿಲ್ಲ. ಗೋಡೆ ಅರ್ಧ ಹೋಗಿತ್ತು. ಉಳಿದರ್ಧದ ಪಕ್ಕದಲ್ಲಿ ಕಬ್ಬಿಣದ ಜಾಕಿಗಳನ್ನು ಸಾಲಾಗಿ ನಿಲ್ಲಿಸಿ, ಹಲಗೆ ಕೊಟ್ಟು, ಮಹಡಿಯನ್ನು ಎತ್ತಿ ಹಿಡಿದಿದ್ದರು. ಮೇಲಿನ ಸ್ಲ್ಯಾಬಿನಲ್ಲಿ ಒಂದು ಬಿರುಕು ಮೂಲೆಯಿಂದ ಹೊರಟು ಫ್ಯಾನಿನ ಕೊಕ್ಕೆಯವರೆಗೆ ಬಂದಿತ್ತು.

"ಮೇಲೆ ಯಾರಿದ್ದಾರೆ?" ಅಂತ ಕೇಳಿದಳು ಟೈಲರಮ್ಮ. ಅತ್ತೆ ಮಲಗುವುದು ಮಹಡಿಯ ಮೇಲೆ.

"ಅಜ್ಜೀನ ಆಗಲೇ ಇಳಿಸಿದೆವು. ಹಿತ್ತಲಲ್ಲಿ ಕೂತಿದ್ದಾರೆ," ಅಂದ ಮೇಸ್ತ್ರಿ. "ತಪ್ಪು ನನ್ನದೂ ಇದೆ ಅಮ್ಮ. ಗೋಡೆ ಮೇಲೆ ತೊಲೆ ಇದೆ ಅಂದ್ಕೊಂಡೆ, ತಟ್ಟಿ ನೋಡಿದಾಗ ಹಾಗೇ ಅನ್ನಿಸಿತು. ತೊಲೆ ಇಲ್ಲ. ಮಹಡಿ ಇಡೀ ಭಾರ ಈ ಗೋಡೆ ಮೇಲೇ ಕೂತಿದೆ. ಕಬ್ಬಿಣದ ತೊಲೆ ಹಾಕಿ ಎರಡು ಕಡೆ ಕಂಬ ಕೊಡಬೇಕು. ಇವತ್ತು ದುಡ್ಡು ಕಟ್ಟಿದರೆ ನಾಳೆ ಮಾಲು ಬರುತ್ತೆ. ಜಾಕಿಗಳನ್ನ ನಾಳೆವರೆಗೆ ನಂಬ್ತೀನಿ. ಅದರಾಚೆ ನಾನು ನಂಬಲ್ಲ."

"ಎಷ್ಟಾಗುತ್ತೆ?"

ಅವನು ಹೇಳಿದ. ಟೈಲರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಬೇರೆ ಇಟ್ಟಿದ್ದ ಹತ್ತರಲ್ಲೊಂದು ಪಾಲಿನಲ್ಲೇ ಆಗಿಹೋಗುವ ಮೊತ್ತ. "ಇಂಥದಕ್ಕೇ ಅಲ್ವಾ ಇಟ್ಟಿರೋದು? ಹಾಕಿಸಿ," ಅಂದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ಅದಲ್ಲಮ್ಮ... ಅದು ಖರ್ಚಾಯ್ತಲ್ಲ. ನೆಲಕ್ಕೆ ದಪ್ಪ ಕಲ್ಲು ಬೇಕು ಅಂತ ಸಾರ್ ಬದಲಾಯಿಸಿದರು. ನಿಮ್ಮ ಮಗಳು ಕಿಟಕಿ ದೊಡ್ಡದು ಮಾಡಿಸಿದರು. ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಟ್ಟೆ ಕಟ್ಟಿಸಿದರು. ಕರೆಂಟಿಗೆ, ಗಾರೆಗೆ ಅಂತ ಇಟ್ಟಿದ್ದನ್ನೂ ಸೇರಿಸಿ ಸಾರ್ ಎಲ್ಲಾ ಕೊಟ್ಟುಬಿಟ್ಟಿದ್ದಾರೆ."

"ಯಾವ ದುಡ್ಡಲ್ಲಿ?"

"ಬ್ಯಾಂಕಿಂದ. ನಾನು ಕೇಳಿದೆ ಅಮ್ಮ, ಸುಳ್ಳು ಹೇಳಲ್ಲ, ಕೇಳಿದೆ. ನಿಮ್ಮ ಹತ್ತಿರ ಬೇರೆ ಇದೆ ಅಂದರು."

ಹಿತ್ತಲಿಗೆ ಬಂದರೆ ಅತ್ತೆ ಹೊಸ ಒಗೆಯುವ ಕಟ್ಟೆಯ ಮೇಲೆಯೇ ಕಾಲು ಇಳಿಬಿಟ್ಟು ಕೂತಿದ್ದಳು. ಎರಡು ದಿನದಿಂದ ಹಿತ್ತಲ ಕಡೆ ಸಿಮೆಂಟಿಗೆ ನೀರು ಹಾಕುವ ಸದ್ದು ಕೇಳುತ್ತಿತ್ತು, ಪಕ್ಕದ ಮನೆಯವರದ್ದೇನೋ ಅಂದುಕೊಂಡಿದ್ದಳು ಟೈಲರಮ್ಮ. ಬೆಳಗ್ಗೆ ಹೋಗಿ ಕತ್ತಲಾದ ಮೇಲೆ ಬರುವವಳಿಗೆ ಹಿತ್ತಲು ಎಲ್ಲಿ ಕಾಣಬೇಕು? ಗೋಡೆಗೆ ಒರಗಿಸಿದ್ದ ನೆಲದ ಕಲ್ಲುಗಳನ್ನು ಅಳತೆಗೆ ಕೊಯ್ದಾಗಿತ್ತು, ಇನ್ನು ಯಾವ ಅಂಗಡಿಯವನೂ ವಾಪಸು ತಗೊಳ್ಳುವುದಿಲ್ಲ. ಮಗಳು ಕಾಲೇಜಿನಿಂದ ಬಂದು ಬ್ಯಾಗು ಕೂಡ ಇಳಿಸದೆ ನಿಂತಿದ್ದಳು. ಸುದ್ದಿ ಕೇಳಿ ಗಂಡನೂ ಸ್ಕೂಟರಿನಲ್ಲಿ ಬಂದಿಳಿದ.

ಅವನು ಒಳಗೆ ಹೋಗಿ ಬಿರುಕು ನೋಡಿಕೊಂಡು ಬಂದ. ಮುಖ ಬಿಳಿಚಿಕೊಂಡಿತ್ತು, ಆದರೂ ಹೆಂಡತಿಯನ್ನು ಕಂಡ ಮೇಲೆ ಸ್ವಲ್ಪ ಸಮಾಧಾನವಾದ ಹಾಗಿತ್ತು. "ಸದ್ಯ, ಯಾರ ಮೇಲೂ ಬೀಳಲಿಲ್ಲ. ಹೂಂ, ತಂದುಕೊಡು ಮತ್ತೆ. ಮೇಸ್ತ್ರಿ ಕಾಯ್ತಿದ್ದಾನೆ."

"ಏನನ್ನ?"

"ನಾವೇನೂ ಕೇಳಲ್ಲಮ್ಮ," ಅಂದಳು ಅತ್ತೆ. "ಎಲ್ಲಿತ್ತು, ಎಷ್ಟಿತ್ತು, ಒಂದನ್ನೂ ಕೇಳಲ್ಲ. ನಿನ್ನ ಬುದ್ಧಿಯಿಂದಲೇ ಈ ಮನೆ ನಿಂತಿರೋದು. ಹೋಗು, ತಾ."

"ಇಲ್ಲ ಅತ್ತೆ."

ಮಗಳಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಅಮ್ಮಾ, ಸಾಕು. ಮನೆ ಬೀಳ್ತಾ ಇದೆ."

"ಇಲ್ಲ ಅಂದೆನಲ್ಲ," ಅಂದಳು ಟೈಲರಮ್ಮ. ಅವಳು ಗಂಡನನ್ನೇ ನೋಡುತ್ತಿದ್ದಳು. "ಮೂರು ವರ್ಷದ ಹಿಂದೆ ನಿಮಗೆ ಮಾತು ಕೊಟ್ಟಿದ್ದೆ."

"ನೀನು ಕೊಟ್ಟಿದ್ದೆ, ಯಾರು ಇಲ್ಲ ಅಂದರು?" ಅಂದ ಅವನು, ಪುಟ್ಟ ಮಗುವನ್ನು ರಮಿಸುವವನಂತೆ. "ನನಗೆ ಬೇಜಾರಾಯ್ತು ಅಂತ ಕೊಟ್ಟೆ. ನೀನು ಇಡದೇ ಇರ್ತೀಯಾ? ನನಗೆ ಗೊತ್ತಿಲ್ವಾ ನಿನ್ನನ್ನ? ಬೈಯಲ್ಲ ಮಾರಾಯ್ತಿ, ಕೊಡು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂರು ವರ್ಷ ಅವಳು ಅಳೆದು ತೂಗಿ ಉಳಿಸಿದ್ದನ್ನೆಲ್ಲ ತಂದು ಅವನ ಮುಂದೆ ಸುರಿದಿದ್ದಳು, ಅವನು ಅದನ್ನು ನೋಡಿ ಹಿಂದೆ ಇನ್ನೆಷ್ಟಿದೆಯೋ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಕೂತಿದ್ದ.

ಸೊಂಟದಿಂದ ಬೀಗದ ಕೈ ಗೊಂಚಲನ್ನು ತೆಗೆದು ಅವನ ಕೈಗಿಟ್ಟಳು. "ಹುಡುಕಿ."

"ಏ, ಏನಿದು—"

"ಹುಡುಕಿ ಅಂದೆ. ಸಿಕ್ಕರೆ ಎಲ್ಲಾ ನಿಮ್ಮದು."

ಅವನು ಹೋಗಬಾರದಿತ್ತು. ನೀವೇ ಹೇಳಿ, ಹೆಂಡತಿ ಹಾಗೆ ನಿಂತು ಬೀಗದ ಕೈ ಕೊಟ್ಟರೆ ಬುದ್ಧಿ ಇರುವ ಗಂಡ ಹೋಗಿ ಹುಡುಕುತ್ತಾನೆಯೇ? ಇವನು ಹೋದ. ಒಳಗೆ ಜಾಕಿಗಳ ಮೇಲೆ ಮನೆ ನಿಂತಿದೆ, ಹೊರಗೆ ಮೇಸ್ತ್ರಿ ಕಾಯುತ್ತಿದ್ದಾನೆ, ಇನ್ನೇನು ಮಾಡುವುದು ಅಂದುಕೊಂಡನೋ ಏನೋ.

ಮೊದಲು ನಗುತ್ತಲೇ ಶುರು ಮಾಡಿದ. ಬೀರು ತೆಗೆದು ಸೀರೆಗಳ ಮಡಿಕೆಯಲ್ಲಿ ಕೈಯಾಡಿಸಿದ. ಹಳೇ ಮಿಷಿನ್ನಿನ ಮುಸುಕು ಬಿಚ್ಚಿ ಕೊಡವಿದ. ಲೈನಿಂಗ್ ಬಟ್ಟೆಯ ಕೊಳವೆಗಳನ್ನು ಒಂದೊಂದಾಗಿ ಕಣ್ಣಿಗೆ ಹಿಡಿದು ನೋಡಿದ. ಬಾಗಿಲಲ್ಲಿ ನಿಂತಿದ್ದ ಮಗಳು, "ಅಪ್ಪ, ಬಟನ್ ಡಬ್ಬ ನೋಡು," ಅಂದಳು. ಬಟನ್ನುಗಳನ್ನೆಲ್ಲ ಹಾಸಿಗೆ ಮೇಲೆ ಸುರಿದ. ಡಬ್ಬದ ತಳದಲ್ಲಿ ಡಬ್ಬದ ತಳವೇ ಇತ್ತು. ಆಮೇಲೆ ಅವನ ನಗು ನಿಂತಿತು. ದಿಂಬಿನ ಹೊಲಿಗೆ ಬಿಚ್ಚಿದ. ಬೀರುವನ್ನೇ ಜರುಗಿಸಿದ. ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ಬೋರಲು ಹಾಕಿದ. ಹುಡುಕುತ್ತಾ ಹೋದಂತೆ ಕೈ ಜೋರಾಯಿತು, ಉಸಿರು ಜೋರಾಯಿತು, ದುಡ್ಡು ಸಿಗಲಿ ಅಂತ ಅಲ್ಲ, ದೇವರೇ ಎಲ್ಲಾದರೂ ಒಂದು ಪುಟ್ಟ ಗಂಟಾದರೂ ಸಿಕ್ಕಿ ನನ್ನ ಮಾನ ಉಳಿಯಲಿ ಅಂತ.

ಸಿಗಲಿಲ್ಲ. ಇಟ್ಟಿದ್ದರೆ ತಾನೆ ಸಿಗೋದು?

ಪಕ್ಕದ ಕೋಣೆಯಲ್ಲಿ ಏನೋ ಕಿರ್‌ ಅಂತು. ಗಾರೆಯ ದೊಡ್ಡ ಚಕ್ಕೆಯೊಂದು ನೆಲಕ್ಕೆ ಬಿದ್ದು ಒಡೆಯಿತು. "ಎಲ್ಲಾ ಹೊರಗೆ ಬನ್ನಿ," ಅಂತ ಮೇಸ್ತ್ರಿ ಕೂಗಿದ. ಅವನ ಕೂಲಿಯವರು ಜಾಕಿಯ ಬುಡಕ್ಕೆ ಮರದ ತುಂಡು ಹೊಡೆಯುವ ಸದ್ದು ಕೇಳಿಸಿತು. ಗಂಡ ಹೊರಗೆ ಬಂದು, ಬಟನ್ನೊಂದು ಅಂಗೈಗೆ ಅಂಟಿಕೊಂಡಿದ್ದೂ ಗೊತ್ತಿಲ್ಲದೆ, ಕಟ್ಟೆಯ ಮೇಲೆ ತನ್ನ ಅಮ್ಮನ ಪಕ್ಕದಲ್ಲಿ ಕೂತುಬಿಟ್ಟ. ಅತ್ತೆ ಆ ಕಟ್ಟೆಯಿಂದ ಎದ್ದು ದೂರ ಹೋಗಿ ನಿಂತಳು. ಅದರ ಮೇಲೆ ಕೂರಲು ಅವಳಿಗೆ ನಾಚಿಕೆಯಾಗಿತ್ತು.

"ನಿಜವಾಗಲೂ ಇರಲಿಲ್ವಾ?" ಅಂದ ಗಂಡ.

"ಮೂರು ವರ್ಷದಿಂದ ಇರಲಿಲ್ಲ."

ಅವನು ಅಂಗೈಗೆ ಅಂಟಿದ್ದ ಬಟನ್ನನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಆಮೇಲೆ ಎಲ್ಲರೂ ಅವರವರಿಗೆ ತೋಚಿದ್ದು ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಗಳು ಕಿಟಕಿಯವನಿಗೆ ಫೋನು ಮಾಡಿ ಅಳುತ್ತಾ ಕೇಳಿಕೊಂಡಳು. ಅಳತೆಗೆ ಮಾಡಿದ ಕಿಟಕಿ ಬೇರೆ ಯಾರ ಗೋಡೆಗೆ ಹಾಕಲಮ್ಮ ಅಂದ ಅವನು. ಗಂಡ ಕಲ್ಲಿನಂಗಡಿಗೆ ಹೋಗಿ ಬೈಸಿಕೊಂಡು ಬಂದ. ಕಬ್ಬಿಣದಂಗಡಿಯವನು ಸಾಲದ ಮಾತೆತ್ತಿದರೆ ಫೋನೇ ಇಡುತ್ತಾನೆ ಅಂತ ಮೇಸ್ತ್ರಿ ಮೊದಲೇ ಹೇಳಿದ್ದ.

ಟೈಲರಮ್ಮ ಯಾರಿಗೂ ಹೇಳದೆ ಅಂಗಡಿಗೆ ನಡೆದಳು. ಅಲ್ಲಿ ಕಾಜಾ ಅಕ್ಕ ಕರೆಂಟಿನ ಕಾಜಾ ಮಿಷಿನ್ನಿನ ಮುಂದೆ ಕೂತು ಸಣ್ಣ ಶರ್ಟೊಂದಕ್ಕೆ ತೂತು ಹಾಕುತ್ತಿದ್ದಳು. ಅಂಗಡಿಯಲ್ಲಿದ್ದ ಸಾಮಾನಿನಲ್ಲೆಲ್ಲ ಬೆಲೆಬಾಳುವುದು ಅದೊಂದೇ. ಎದುರು ಬೀದಿಯ ರೆಡಿಮೇಡ್ ಅಂಗಡಿಯವನು ಅದರ ಮೇಲೆ ಕಣ್ಣು ಹಾಕಿ ಎಷ್ಟೋ ದಿನವಾಗಿತ್ತು.

"ಅಕ್ಕಾ, ಇದನ್ನ ಕೊಟ್ಟುಬಿಡ್ತೀನಿ," ಅಂದಳು ಟೈಲರಮ್ಮ.

ಕಾಜಾ ಅಕ್ಕ ಕೈಯಲ್ಲಿದ್ದ ಶರ್ಟನ್ನು ಮುಗಿಸಿ, ದಾರ ಕತ್ತರಿಸಿ, ಸ್ವಿಚ್ಚು ಆರಿಸಿದಳು. "ಶರ್ಟಿನ ಆರ್ಡರ್ ಬಿಡಬೇಕಾಗುತ್ತೆ ನೋಡು. ಅಷ್ಟಕ್ಕೂ ಕೈಯಲ್ಲಿ ಕಾಜಾ ಹಾಕಕ್ಕಾಗಲ್ಲ. ಲಂಗ, ಚಡ್ಡಿ ಉಳಿಸಿಕೋಬಹುದು."

"ಅರ್ಧ ಹೋಗುತ್ತೆ."

"ಅರ್ಧ ಇರುತ್ತೆ," ಅಂದಳು ಕಾಜಾ ಅಕ್ಕ. ಆದರೆ ಕಣ್ಣೊರೆಸಿಕೊಳ್ಳಲು ಆ ಕಡೆ ತಿರುಗಿದಳು.

ಸಂಜೆಯೊಳಗೆ ಮಿಷಿನ್ನು ಹೋಯಿತು, ದುಡ್ಡು ಬಂತು, ಮೇಸ್ತ್ರಿ ಕಬ್ಬಿಣಕ್ಕೆ ಹೊರಟ. ಮಾರನೇ ದಿನ ತೊಲೆ ಏರಿತು, ಕಂಬ ನಿಂತವು. ಸ್ಲ್ಯಾಬು ಅಲುಗಲಿಲ್ಲ. ಆದರೆ ಕರೆಂಟಿನ ಕೆಲಸ ಬಾಕಿ, ಗಾರೆ ಬಾಕಿ, ತಿಂಗಳ ಕೊನೆ ಬಂದು ಕುತ್ತಿಗೆ ಮೇಲೆ ಕೂತಿತ್ತು. ಗಂಡ ಹೆಂಡತಿಯ ಹತ್ತಿರ ಬಂದು, ನೆಲ ನೋಡುತ್ತಾ, "ತೊಲೆಗೆ ಕೊಟ್ಟ ಮೇಲೆ ಏನಾದರೂ ಉಳೀತಾ?" ಅಂತ ಕೇಳಿದ.

ಉಳಿದಿತ್ತು. ಕರೆಂಟಿಗೂ ಗಾರೆಗೂ ಹೇಗೋ ಸಾಕಾಗುವಷ್ಟು, ಅವಳ ಸೊಂಟದಲ್ಲೇ ಇತ್ತು.

"ಏನೂ ಉಳಿಯಲಿಲ್ಲ," ಅಂದಳು ಟೈಲರಮ್ಮ.

ಯಾಕೆ ಹಾಗಂದಳು? ಸಿಟ್ಟಿಗೆ ಅಂದಳು. ಮೂರು ವರ್ಷದ ಮಾತನ್ನು ಬಟನ್ ಡಬ್ಬದ ಜೊತೆ ಹಾಸಿಗೆ ಮೇಲೆ ಸುರಿದವನಿಗೆ ನಿಜ ಯಾಕೆ ಹೇಳಬೇಕು ಅಂತ ಅಂದಳು. ಅಂದವಳು ಅವನ ಮುಖವನ್ನೇ ನೋಡಿದಳು. ನಗ್ತಾನೆ ಈಗ, ಇದೆ ಅಂತ ಗೊತ್ತು ಕೊಡು ಅಂತಾನೆ, ಆಗ ಎರಡು ಮಾತು ಚೆನ್ನಾಗಿ ಅಂದು ಕೊಟ್ಟುಬಿಡ್ತೀನಿ ಅಂದುಕೊಂಡಳು.

ಅವನು ನಗಲಿಲ್ಲ. "ಹೌದಾ. ಸರಿ," ಅಂದ. ಒಳಗೆ ಹೋಗಿ ಅಮ್ಮನಿಗೂ ಹೇಳಿದ್ದು ಕೇಳಿಸಿತು: "ಅವಳ ಹತ್ತಿರ ಏನೂ ಇಲ್ಲಮ್ಮ. ಇನ್ನು ನಾನೇ ಏನಾದರೂ ಮಾಡಬೇಕು."

ಮರುದಿನ ಬೆಳಗ್ಗೆ ಅವನು ಸ್ಕೂಟರನ್ನು ಬೀದಿಗೆ ತಂದು ಒರೆಸುತ್ತಿದ್ದ. ಕೆಲಸಕ್ಕೆ ಹೋಗುವ ಹೊತ್ತಲ್ಲ. ಸೀಟಿನ ಕೆಳಗಿದ್ದ ಚಿಂದಿ ಬಟ್ಟೆ, ಹಳೇ ಕನ್ನಡಕ, ಸ್ಪ್ಯಾನರು ಎಲ್ಲ ತೆಗೆದು ಜಗಲಿಯ ಮೇಲೆ ಜೋಡಿಸಿಟ್ಟಿದ್ದ. ಮಾರುವ ಗಾಡಿಯನ್ನಷ್ಟೇ ಹಾಗೆ ಖಾಲಿ ಮಾಡುತ್ತಾರೆ ಅಂತ ಅರ್ಥವಾಗಲು ಟೈಲರಮ್ಮನಿಗೆ ಎರಡನೇ ಸಲ ನೋಡಬೇಕಾಗಲಿಲ್ಲ. ವೇಬ್ರಿಡ್ಜು ಇರುವುದು ಊರಾಚೆ, ಆ ದಾರಿಗೆ ಬಸ್ಸಿಲ್ಲ. ನಡೆದು ಹೋಗುತ್ತಾನಾ ಇವನು, ಈ ಮಂಡಿನೋವು ಇಟ್ಟುಕೊಂಡು?

ಅವನು ಒದ್ದು ಸ್ಟಾರ್ಟ್ ಮಾಡುವಷ್ಟರಲ್ಲಿ ಅವಳು ಬರಿಗಾಲಲ್ಲೇ ಬೀದಿಗೆ ಬಂದಿದ್ದಳು. "ನಿಲ್ಲಿ. ಇದೆ. ನನ್ನ ಹತ್ತಿರ ಇದೆ."

ಅವನು ಎಂಜಿನ್ನು ಆರಿಸಿ ಅವಳ ಕಡೆ ನೋಡಿದ. ಕಣ್ಣು ಕೆಂಪಾಗಿತ್ತು, ರಾತ್ರಿ ನಿದ್ದೆ ಮಾಡಿರಲಿಲ್ಲ. "ಗಾಡಿ ಉಳೀಲಿ ಅಂತ ಹೇಳಬೇಡ. ನಿನ್ನ ಹತ್ತಿರ ಇಲ್ಲ ಅಂತ ನನಗೆ ಗೊತ್ತು."

"ಇದೆ ಕಣ್ರೀ. ನಿನ್ನೆ ಸುಳ್ಳು ಹೇಳಿದೆ. ಸಿಟ್ಟಲ್ಲಿ ಹೇಳಿದೆ. ನೀವು ನಂಬಲ್ಲ ಅಂದ್ಕೊಂಡಿದ್ದೆ."

ಸೊಂಟದ ಗಂಟನ್ನು ಬಿಚ್ಚದೆ ಹಾಗೇ ಅವನ ಕೈಗಿಟ್ಟು ಎಷ್ಟಿದೆ ಅಂತ ಹೇಳಿದಳು. ಇನ್ನು ಬಿಚ್ಚುತ್ತಾನೆ, ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸುತ್ತಾನೆ ಅಂತ ಕಾದಳು.

ಅವನು ಗಂಟನ್ನು ಬಿಚ್ಚದೆಯೇ ಜೇಬಿಗೆ ಹಾಕಿಕೊಂಡು, ಜಗಲಿಯ ಮೇಲಿದ್ದ ಸ್ಪ್ಯಾನರನ್ನು ಸೀಟಿನ ಕೆಳಗೆ ವಾಪಸು ಇಟ್ಟು, ಕರೆಂಟಿನವನನ್ನು ಕರೆತರಲು ಹೊರಟ.